ಶೇಖವ್ವನವರ ಇರುವೆ ಎಕ್ಸ್‌ಪ್ರೆಸ್

ಊರಿನ ಹೆಸರು ಹೇಳುವುದಿಲ್ಲ. ಹಾನಗಲ್ಲಿನಿಂದ ಆಡೂರಿನ ಕಡೆಗೆ ಹೋಗುವ ದಾರಿಯಲ್ಲಿದೆ ಎಂದಷ್ಟೇ ತಿಳಿದುಕೊಳ್ಳಿ. ಹೆಸರು ಬರೆದರೆ ನಮ್ಮ ಪಂಚಾಯಿತಿ ಅಧ್ಯಕ್ಷ ಭರಮಪ್ಪನವರು ನಾಳೆ ಬೆಳಿಗ್ಗೆಯೇ ನಮ್ಮ ಕಟ್ಟೆಯ ಮೇಲೆ ಬಂದು ಕೂತು, ಎರಡು ತಾಸು ಬೈದು, ಮೂರು ಸಲ ಚಹಾ ಕುಡಿದು ಹೋಗುತ್ತಾರೆ. ಬೈಗುಳಕ್ಕೆ ನಾನು ಹೆದರುವವನಲ್ಲ. ಮನೆಯಲ್ಲಿ ಅಷ್ಟು ಹಾಲು ಇರುವುದಿಲ್ಲ.

ನನ್ನ ಹೆಸರು ರುದ್ರೇಶ. ನಾಲ್ಕು ಎಕರೆ ಗೋವಿನಜೋಳ, ಒಂದು ಹೋರಿ, ಒಬ್ಬಳು ಹೆಂಡತಿ, ಒಬ್ಬಳು ಮಗಳು. ಈ ಕ್ರಮದಲ್ಲಿ ಹೇಳಿದ್ದಕ್ಕೆ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು. ಆದರೆ ಹೋರಿಯೆಂದರೆ ನಮ್ಮ ಕಡೆ ಏನು ಎಂಬುದು ಅವಳಿಗೂ ಗೊತ್ತು. ದೀಪಾವಳಿ ಮುಗಿಯಿತೆಂದರೆ ಹಾನಗಲ್, ಹಿರೇಕೆರೂರ, ಶಿಗ್ಗಾಂವಿ ಕಡೆಯ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಮಾಲೆ ಕಟ್ಟಿ, ಮೈಮೇಲೆ ಮಖಮಲ್ಲಿನ ಜೂಲ ಹೊದಿಸಿ, ಕೊಂಬಿಗೆ ಬಲೂನು ಏರಿಸಿ ಜನರ ನಡುವೆ ಬಿಡುತ್ತೇವೆ. ಅದು ಓಡಬೇಕು, ಗಂಡಸರು ಮೇಲೆ ಹಾರಿ ಕೊಬ್ಬರಿ ಹರಿಯಬೇಕು. ಹರಿದರೆ ಹಿಡಿದವನು ಗೆದ್ದ, ಹರಿಯದಿದ್ದರೆ ಹೋರಿ ಗೆದ್ದಿತು. ನನ್ನ ಹೋರಿ ‘ಮಿಂಚಿನ ಮರಿ’ ಮೂರು ವರ್ಷದಿಂದ ಯಾರಿಗೂ ಒಂದು ಚೂರು ಕೊಬ್ಬರಿ ಕೊಟ್ಟಿಲ್ಲ. ಕಳೆದ ವರ್ಷ ಅದರ ಹುಟ್ಟುಹಬ್ಬಕ್ಕೆ ಇಪ್ಪತ್ತು ಅಡಿಯ ಫ್ಲೆಕ್ಸ್ ಹಾಕಿಸಿದ್ದೆ. ಅದರಲ್ಲಿ ಹೋರಿಯೂ ನಾನೂ ಇಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡಿದ್ದೇವೆ.

ನಾನು ಬರೆಯಲು ಕೂತದ್ದು ಮಾತ್ರ ನಮ್ಮೂರ ಗ್ರಂಥಾಲಯ ನೋಡಿಕೊಳ್ಳುವ ಶೇಖವ್ವನವರ ಬಗ್ಗೆ.

ಶೇಖವ್ವನವರು ಹಿರೇಕೆರೂರ ಕಡೆಯವರು. ಮದುವೆಯಾಗಿ ನಮ್ಮೂರಿಗೆ ಬಂದರು, ಗಂಡ ಬೇಗ ತೀರಿಕೊಂಡ, ಊರ ಹಿರಿಯರು ಓಡಾಡಿ ಈ ಕೆಲಸ ಕೊಡಿಸಿದರು. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ಈಗ ಅವರಿಗೆ ಐವತ್ತೆರಡು. ಅವರು ಬರುವ ಮೊದಲು ಗ್ರಂಥಾಲಯ ಅಂದರೆ ಪೇಪರ್ ಓದುವ ನಾಲ್ಕು ಮುದುಕರು, ಮತ್ತು ಗಾಜಿನ ಕಪಾಟಿನೊಳಗೆ ಬೆನ್ನು ತೋರಿಸಿ ನಿಂತ ಪುಸ್ತಕಗಳು. ಇವರು ಬಂದವರೇ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನೈಲಾನ್ ಹಗ್ಗ ಕಟ್ಟಿ, ಮಕ್ಕಳ ಪುಸ್ತಕಗಳನ್ನೆಲ್ಲ ಅಂಗಿ ಒಣಹಾಕಿದ ಹಾಗೆ ಅದರ ಮೇಲೆ ನೇತುಹಾಕಿದರು. ಅದೂ ಮಕ್ಕಳ ಎದೆಮಟ್ಟಕ್ಕೆ. ಮುದುಕರು ಒಳಗೆ ಬರಬೇಕಾದರೆ ನಡ ಬಗ್ಗಿಸಬೇಕು. ಮೊದಲ ದಿನವೇ ನಮ್ಮ ದೊಡ್ಡಪ್ಪ ಫಕ್ಕೀರಪ್ಪನ ರುಮಾಲು ಹಗ್ಗಕ್ಕೆ ಸಿಕ್ಕಿ ಕೆಳಗೆ ಬಿತ್ತು.

‘ಏನ ಶೇಖವ್ವಾ ಇದು? ಲೈಬ್ರರಿನೋ, ಮಡಿವಾಳರ ಹಿತ್ತಿಲೋ?’ ಎಂದು ಅವನು ರೇಗಿದ.

‘ಹುಡುಗ್ರ ಕೈಗೆ ಸಿಗಬೇಕ್ರಿ ಯಜಮಾನ್ರ. ನಿಮ್ಮ ಪೇಪರ್ ಮೇಜಿನ ಮ್ಯಾಲ ಐತಿ, ಸ್ವಲ್ಪ ಬಗ್ಗಿ ಬರ್ರಿ,’ ಎಂದರು ಶೇಖವ್ವನವರು. ದೊಡ್ಡಪ್ಪ ಬಗ್ಗಿದ. ಬಗ್ಗಿದಾಗ ಮೂಗಿನ ಮುಂದೆಯೇ ಆನೆಯ ಚಿತ್ರದ ಪುಸ್ತಕವೊಂದು ಕಂಡು, ಆ ದಿನ ಪೇಪರ್ ಓದದೆ ಅದನ್ನೇ ಓದಿಕೊಂಡು ಮನೆಗೆ ಬಂದನಂತೆ. ಇದನ್ನು ಅವನು ಸಾಯುವತನಕ ಒಪ್ಪಲಿಲ್ಲ.

ಪುಸ್ತಕದ ಹುಚ್ಚು ಒಂದಾದರೆ ಯಂತ್ರದ ಹುಚ್ಚು ಅದರಪ್ಪ. ಊರಿನಲ್ಲಿ ಯಾರ ಮನೆಯ ಮಿಕ್ಸರ್ ಸುಟ್ಟರೂ, ರಿಮೋಟ್ ಸತ್ತರೂ, ಮೊಬೈಲ್ ಬಚ್ಚಲಿಗೆ ಬಿದ್ದರೂ ಶೇಖವ್ವನವರು ಬಾಗಿಲಲ್ಲಿ ಹಾಜರು. ‘ಒಗೀಬ್ಯಾಡ್ರಿ, ನನಗ ಕೊಡ್ರಿ.’ ಅದೂ ಸಾಲದೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಸವಣೂರಿಗೆ ಹೋಗಿ, ಖಲಂದರ ಎಂಬವನ ಗುಜರಿ ಅಂಗಡಿಯಲ್ಲಿ ಚೀಲ ತುಂಬಿಕೊಂಡು ಬರುತ್ತಾರೆ. ಒಡೆದ ಆಟಿಕೆಯ ಕಾರು, ಸಿ.ಡಿ. ಪ್ಲೇಯರಿನ ಹೊಟ್ಟೆ, ಫ್ಯಾನಿನ ತಲೆ. ಆ ಚೀಲದಲ್ಲೇ ಮಕ್ಕಳಿಗೆಂದು ಸವಣೂರು ಖಾರವನ್ನೂ ಹಾಕಿಕೊಂಡು ಬರುವುದರಿಂದ ನಮ್ಮ ಮಕ್ಕಳಿಗೆ ಈಗ ಗ್ರೀಸಿನ ವಾಸನೆ ಇಲ್ಲದಿದ್ದರೆ ಖಾರ ರುಚಿಸುವುದೇ ಇಲ್ಲ.

ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಮಕ್ಕಳೆಲ್ಲ ಅಲ್ಲಿ. ಮೊದಲು ಅರ್ಧ ತಾಸು ಶೇಖವ್ವನವರು ಕಥೆ ಓದುತ್ತಾರೆ. ಆಮೇಲೆ ಚೀಲ ಸುರುವಿ, ‘ಬಿಚ್ಚಿ ನೋಡ್ರಿ, ಒಳಗ ಯಾರ್ಯಾರದಾರ,’ ಎನ್ನುತ್ತಾರೆ. ಒಮ್ಮೆ ಮಕ್ಕಳನ್ನೆಲ್ಲ ಗೊಟಗೋಡಿಯ ಶಿಲ್ಪವನಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿಯ ಎತ್ತು, ಬೀಸುವ ಅಜ್ಜಿ, ಸಂತೆಗೆ ಹೊರಟ ಜನ ಎಲ್ಲ ಜೀವ ಇದ್ದ ಹಾಗೇ ಇವೆ. ಎಲ್ಲರೂ ಬಾಯಿ ತೆರೆದು ನೋಡುವಾಗ ಟೇಲರ್ ಫಯಾಜನ ಮಗ ಮುಬಶೀರ, ಏಳನೆಯ ಇಯತ್ತೆಯವನು, ಕೈಕಟ್ಟಿ ನಿಂತು, ‘ಅಕ್ಕಾರ, ಇಷ್ಟೆಲ್ಲ ಮಾಡ್ಯಾರ, ಒಂದೊಂದು ಮೋಟಾರ್ ಹಾಕಾಕ ಏನಾಗಿತ್ತು ಇವರಿಗೆ?’ ಎಂದು ಕೇಳಿದ. ಬಸ್ಸಿನಲ್ಲಿ ಬರುವಾಗ ಶೇಖವ್ವನವರು ಅವನಿಗೆ ತಮ್ಮ ಪಕ್ಕದ ಸೀಟು ಕೊಟ್ಟರು.

ಈಗ ಪೆಟ್ಟಿಗೆಯ ವಿಷಯ. ಎರಡು ವರ್ಷದ ಹಿಂದೆ ಯಾವುದೋ ಸಂಸ್ಥೆಯವರು ನಮ್ಮೂರ ಮಕ್ಕಳಿಗೆಂದು ಒಂದು ನೀಲಿ ಪೆಟ್ಟಿಗೆ ಕಳಿಸಿದರು. ಒಳಗೆ ರೋಬೋಟ್ ಮಾಡುವ ಸಾಮಾನು: ಹೊಸ ಮೋಟಾರು, ಗಾಲಿ, ಹಲ್ಲಿನ ಚಕ್ರ, ಗೆರೆ ನೋಡಿ ನಡೆಯುವ ಕಣ್ಣು. ಎಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದು, ಒಂದಕ್ಕೂ ಧೂಳು ತಾಗದ್ದು. ಭರಮಪ್ಪನವರು ಅದಕ್ಕೆ ಮಾಲೆ ಹಾಕಿ, ಕಾಯಿ ಒಡೆದು, ಫೋಟೋ ತೆಗೆಸಿಕೊಂಡು, ಪಂಚಾಯಿತಿಯ ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಕೀಲಿಕೈ ಅವರ ಉಡದಾರಕ್ಕೆ. ಆಮೇಲೆ ಎರಡು ಆಯುಧಪೂಜೆಗೆ ಮಾತ್ರ ಆ ಪೆಟ್ಟಿಗೆ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಒಳಗೆ ಹೋಯಿತು.

ಭರಮಪ್ಪನವರು ಕೆಟ್ಟವರಲ್ಲ. ನಮ್ಮೂರಿನ ಗಟಾರು ಹರಿಯುತ್ತಿದೆ, ಲೈಟು ಉರಿಯುತ್ತಿದೆ ಅಂದರೆ ಅವರಿಂದಲೇ. ಹರೆಯದಲ್ಲಿ ಅವರು ತಾಲೂಕಿಗೇ ಹೆಸರಾದ ಕೊಬ್ಬರಿ ಹರಿಯುವವರು. ಓಡುವ ಹೋರಿಯ ಮೇಲೆ ಅವರು ಹಾರಿದರೆಂದರೆ ಕೊಬ್ಬರಿ ಕೈಯಲ್ಲಿ ಅಂತಲೇ ಲೆಕ್ಕ. ಹೆಗಲ ಎಲುಬು ಎರಡು ಸಲ ಮುರಿದ ಮೇಲೆ ಡಾಕ್ಟರು ಕಣದೊಳಗೆ ಕಾಲಿಡಬಾರದೆಂದು ಹೇಳಿದರು. ಹದಿನೈದು ವರ್ಷದಿಂದ ಹಬ್ಬದ ದಿನ ಅವರು ಕಟಕಟೆಯ ಹಿಂದೆ ಕುರ್ಚಿಯ ಮೇಲೆ ಕೂತಿರುತ್ತಾರೆ. ಮುಖ ನೋಡಲಿಕ್ಕಾಗುವುದಿಲ್ಲ.

ಶೇಖವ್ವನವರು ಆ ಪೆಟ್ಟಿಗೆಗಾಗಿ ಪಂಚಾಯಿತಿಗೆ ಎಷ್ಟು ಸಲ ಹೋಗಿದ್ದಾರೆಂದರೆ ಅಲ್ಲಿಯ ನಾಯಿ ಅವರನ್ನು ಕಂಡು ಬೊಗಳುವುದನ್ನೇ ಬಿಟ್ಟಿದೆ. ಪ್ರತಿ ಸಲವೂ ಒಂದೇ ಉತ್ತರ. ‘ಶೇಖವ್ವಾ, ಅದು ಭಾರಿ ಸಾಮಾನ. ಹುಡುಗ್ರ ಕೈಯಾಗ ಕೊಟ್ರ ಸಂಜಿಗೆ ಪುಡಿ. ನಾಳೆ ಯಾರರ ಬಂದು ಕೇಳಿದ್ರ ನಾ ಏನು ತೋರಿಸ್ಲಿ?’

‘ಹುಡುಗ್ರನ್ನ ತೋರಿಸ್ರಿ,’ ಎನ್ನುತ್ತಿದ್ದರು ಶೇಖವ್ವನವರು. ಭರಮಪ್ಪನವರು ನಕ್ಕು ಚಹಾ ತರಿಸುತ್ತಿದ್ದರು.

ನನಗೆ ಇದರಲ್ಲಿ ಏನೂ ಆಸಕ್ತಿ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಆ ಹೆಣ್ಣುಮಗಳ ಮೇಲೆ ಸಿಟ್ಟೇ ಇತ್ತು. ಯಾಕೆಂದರೆ ಆರನೆಯ ಇಯತ್ತೆಯ ನನ್ನ ಮಗಳು ಅಂಕಿತಾ, ಹೋರಿ ಹಬ್ಬಕ್ಕೆಂದು ನಾನು ಹುಬ್ಬಳ್ಳಿಯಿಂದ ತಂದ ಹೊಸ ಸ್ಪೀಕರನ್ನು ಬಿಚ್ಚಿ, ನಡುಮನೆಯಲ್ಲಿ ಸಾಲಾಗಿ ಹರಡಿ, ‘ಅಪ್ಪಾ, ಸಪ್ಪಳ ಎಲ್ಲಿಂದ ಬರತೈತಿ ನೋಡು ಬಾ,’ ಎಂದು ಕರೆದಳು. ಸಪ್ಪಳ ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಬಾಯಿ ತೆರೆದು ತೋರಿಸಿದೆ. ಓಣಿಯೆಲ್ಲ ಹೊರಗೆ ಬಂತು.

ಅಲ್ಲಿಂದ ಸೀದಾ ಗ್ರಂಥಾಲಯಕ್ಕೆ ನಡೆದೆ. ಏನೇನು ಬೈಯಬೇಕೆಂದು ದಾರಿಯಲ್ಲೇ ಹೊಂದಿಸಿಕೊಂಡಿದ್ದೆ. ಬಾಗಿಲಿಗೆ ಹೋಗಿ ನೋಡಿದರೆ ಶೇಖವ್ವನವರು ಚಾಪೆಯ ಮೇಲೆ ಕೂತು ಮಕ್ಕಳಿಗೆ ಕಥೆ ಓದುತ್ತಿದ್ದಾರೆ. ಒಂದು ಇರುವೆ ಸಕ್ಕರೆ ಹುಡುಕಿಕೊಂಡು ಹೋಗಿದೆ, ಮಳೆ ಬಂದು ಸಾಲು ಅಳಿಸಿಹೋಗಿದೆ, ಇರುವೆಗೆ ಮನೆಯ ದಾರಿ ತಿಳಿಯುತ್ತಿಲ್ಲ. ಇರುವೆಯ ಧ್ವನಿ ಬೇರೆ, ಮಳೆಯ ಧ್ವನಿ ಬೇರೆ, ನಡುವೆ ಬಂದ ಕಪ್ಪೆಗೆ ನಮ್ಮ ಭರಮಪ್ಪನವರದೇ ಧ್ವನಿ. ಇರುವೆ ಒಂದು ಹೊಳೆಯ ದಂಡೆಗೆ ಬಂತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಗ ಶೇಖವ್ವನವರು ಪುಸ್ತಕ ಟಪ್ಪೆಂದು ಮುಚ್ಚಿದರು.

‘ಮುಂದ?’ ಎಂದೆ ನಾನು. ಬೈಯಲು ಬಂದ ಬಾಯಿಂದ ಬಂದ ಮೊದಲ ಮಾತು ಅದು.

‘ಮುಂದಿಂದು ಹುಡುಗ್ರು ಹೇಳ್ತಾರ್ರಿ. ಇರುವಿಗೆ ದಾರಿ ಸಿಗಬೇಕಂದ್ರ ಏನು ಮಾಡಬೇಕಂತ ಇವರು ಮಾಡಿ ತೋರಿಸಿದ ಮ್ಯಾಲ ಪುಸ್ತಕ ತಗೀತೇನಿ,’ ಎಂದರು. ಇದು ಅವರ ಪದ್ಧತಿಯಂತೆ. ಕಥೆಯನ್ನು ಗಂಟು ಬಿದ್ದಲ್ಲಿ ನಿಲ್ಲಿಸುವುದು, ಮಕ್ಕಳು ತಂತಿ, ಮೋಟಾರು, ರಟ್ಟು ಏನಾದರೂ ಹಚ್ಚಿ ಗಂಟು ಬಿಡಿಸುವುದು. ಎಂಥ ಅನ್ಯಾಯ ನೋಡಿ! ನಾನು ಮೂರು ದಿನ ಏನೇನೋ ನೆವ ಮಾಡಿ ಗ್ರಂಥಾಲಯದ ಮುಂದೆ ಹಾದುಹೋದೆ. ನಾಲ್ಕನೆಯ ದಿನ ಒಳಗೇ ಹೋಗಿ, ‘ಆ ಇರುವಿ ಏನಾತ್ರಿ ಅಕ್ಕಾರ?’ ಎಂದು ಕೇಳಿದೆ.

‘ಸಾಮಾನ ಸಿಗವಲ್ದುರಿ. ಕರಿ ಗೆರಿ ನೋಡಿ ನಡಿಯೂ ಗಾಡಿ ಮಾಡಬೇಕಂತಾರ. ಅದಕ್ಕ ಬೇಕಾದ ಕಣ್ಣು ಗುಜರ್‍ಯಾಗ ಸಿಗೂದಿಲ್ಲ. ನೀಲಿ ಪೆಟ್ಟಿಗ್ಯಾಗ ಐತಿ,’ ಎಂದರು. ಇರುವೆ ಹೊಳೆಯ ದಂಡೆಯಲ್ಲೇ ಉಳಿಯಿತು.

ಹೀಗಿರುವಾಗ ಪೆಟ್ಟಿಗೆ ಕೊಟ್ಟ ಸಂಸ್ಥೆಯವರಿಂದ ತಾಲೂಕಿಗೆ, ತಾಲೂಕಿನಿಂದ ಪಂಚಾಯಿತಿಗೆ ಒಂದು ಪತ್ರ ಬಂತು. ಮಕ್ಕಳು ಪೆಟ್ಟಿಗೆಯ ಸಾಮಾನು ಬಳಸುವುದನ್ನು ನೋಡಲು ಸಾಹೇಬರೊಬ್ಬರು ಬರುತ್ತಾರೆ, ಫೋಟೋ ಬೇಕು ಎಂದು. ಭರಮಪ್ಪನವರ ಕಾಲ ಕೆಳಗೆ ನೀರು ಬಂತು. ತಾವೇ ಗ್ರಂಥಾಲಯಕ್ಕೆ ಬಂದರು. ಹಗ್ಗದ ಕೆಳಗೆ ಬಗ್ಗಿಯೇ ಬಂದರು.

‘ನೋಡು ಶೇಖವ್ವಾ, ಏಳು ವಾರ ಟೈಮ್ ಐತಿ. ಒಂದು ಗಾಡಿಗೆ ಎಷ್ಟು ಬೇಕೋ ಅಷ್ಟ ಸಾಮಾನ ತಗದು ಕೊಡ್ತೇನಿ. ಉಳದದ್ದು ಕಪಾಟಿನಾಗ. ಸಾಹೇಬ್ರು ನೋಡಿ ಹ್ವಾದ ಮ್ಯಾಲ ಎಲ್ಲಾ ವಾಪಸ್. ಒಂದು ಹಲ್ಲು ಮುರೀತು ಅಂದ್ರ ಆ ಪೆಟ್ಟಿಗಿ ನಾನ ತಾಲೂಕಿಗೆ ಒಪ್ಪಿಸಿ ಕೈ ತೊಳಕೊಂತೇನಿ.’

‘ಮುರೀಲಿಲ್ಲ ಅಂದ್ರ?’ ಎಂದು ಕೇಳಿದರು ಶೇಖವ್ವನವರು.

ಭರಮಪ್ಪನವರು ಮಕ್ಕಳ ಕಡೆ ನೋಡಿದರು. ಹದಿನಾಲ್ಕು ಮಕ್ಕಳು ಉಸಿರು ಹಿಡಿದು ಕೂತಿದ್ದರು. ‘ಮುರೀಲಿಲ್ಲ ಅಂದ್ರ ಕೀಲಿಕೈ ನಿನ್ನ ಕೈಯಾಗ. ಭರಮಪ್ಪನ ಮಾತು,’ ಎಂದರು. ಮುರಿದೇ ಮುರಿಯುತ್ತದೆ ಎಂಬ ಧೈರ್ಯ ಅವರಿಗೆ.

ಆ ಏಳು ವಾರ ಹೇಗಿದ್ದವೆಂದರೆ, ನನ್ನ ಮನೆಯಲ್ಲಿ ಹೋರಿಯ ಸುದ್ದಿ ನಿಂತೇಹೋಯಿತು. ಊಟಕ್ಕೆ ಕೂತರೂ ಅಂಕಿತಾಳದು ಅದೇ ಮಾತು. ‘ಎಡಗಣ್ಣಿಗೆ ಕರಿ ಕಂಡ್ರ ಎಡಕ್ಕ ತಿರುಗಬೇಕು, ಬಲಗಣ್ಣಿಗೆ ಕಂಡ್ರ ಬಲಕ್ಕ. ಎರಡಕ್ಕೂ ಕಂಡ್ರ ಏನು ಮಾಡಬೇಕ್ ಹೇಳಪ್ಪಾ?’ ನನಗೇನು ಗೊತ್ತು? ‘ನಿಮ್ಮವ್ವನ್ನ ಕೇಳಬೇಕು,’ ಎಂದೆ. ಹೆಂಡತಿ ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಮಾತಿಗೆ ನಕ್ಕಳು.

ಗೆರೆ ಎಳೆಯಲು ದೊಡ್ಡ ಬಿಳಿ ಹಾಳೆ ಬೇಕಾಯಿತು. ಎಲ್ಲೂ ಸಿಗಲಿಲ್ಲ. ಒಂದು ದಿನ ಗ್ರಂಥಾಲಯಕ್ಕೆ ಹೋಗಿ ನೋಡುತ್ತೇನೆ, ನನ್ನ ಹೋರಿಯ ಹುಟ್ಟುಹಬ್ಬದ ಫ್ಲೆಕ್ಸ್ ಬೋರಲು ಬಿದ್ದಿದೆ. ಅದರ ಬಿಳಿಯ ಬೆನ್ನ ಮೇಲೆ ಮುಬಶೀರ ಕರಿ ಟೇಪು ಅಂಟಿಸಿ ದಾರಿ ಮಾಡಿದ್ದಾನೆ. ನಾನೂ ಹೋರಿಯೂ ಕಪ್ಪು ಕನ್ನಡಕದೊಂದಿಗೆ ನೆಲಕ್ಕೆ ಮುಖ ಮಾಡಿ ಮಲಗಿದ್ದೇವೆ. ಬಾಯಿ ತೆರೆದೆ. ಅಷ್ಟರಲ್ಲಿ ಅಂಗೈಯಗಲದ ಆ ಗಾಡಿ ಗುರ್ ಎಂದು ಸದ್ದು ಮಾಡಿ, ಮೂಗು ಕೆಳಗೆ ಮಾಡಿ, ಟೇಪಿನ ಗೆರೆ ಹಿಡಿದು ಹೊರಟಿತು. ಸೊಟ್ಟ ಬಂದಲ್ಲಿ ಸೊಟ್ಟ ತಿರುಗಿತು. ದಾರಿಯ ಕೊನೆಗೆ ಇಟ್ಟಿದ್ದ ಸಕ್ಕರೆ ಡಬ್ಬಿಯ ಹತ್ತಿರ ಬಂದು ನಿಂತಿತು. ಮಕ್ಕಳು ಚೀರಿದರು. ಶೇಖವ್ವನವರು ಕಣ್ಣೊರೆಸಿಕೊಂಡು ಪುಸ್ತಕ ತೆಗೆದರು. ಇರುವೆ ಹೊಳೆ ದಾಟಿ ಮನೆ ಸೇರಿತು. ನನಗೂ ಎದೆ ಹಗುರಾಯಿತು, ಇದನ್ನು ಹೇಳಲು ನಾಚಿಕೆ ಇಲ್ಲ.

ಗಾಡಿಗೆ ಮಕ್ಕಳಿಟ್ಟ ಹೆಸರು ‘ಇರುವೆ ಎಕ್ಸ್‌ಪ್ರೆಸ್’. ನಮ್ಮೂರ ಮಕ್ಕಳು, ಹೋರಿಗೆ ಇಡುವಂಥ ಹೆಸರನ್ನಲ್ಲದೆ ಬೇರೆ ಏನು ಇಟ್ಟಾರು?

ಸಾಹೇಬರು ಬರುವ ದಿನ ಬೆಳಿಗ್ಗೆ ಅಂಕಿತಾ ಗಾಡಿ ತಂದು ನನ್ನ ಮುಂದಿಟ್ಟಳು. ‘ಅಪ್ಪಾ, ಇದು ಬರೇ ಮೈಯಾಗ ಐತಿ. ಮಿಂಚಿನ ಮರಿಗೆ ಮಾಡ್ತಿಯಲ್ಲ, ಹಂಗ ಸಿಂಗಾರ ಮಾಡಿಕೊಡು.’

ಇಂಥ ಮಾತು ಕೇಳಿದರೆ ನಾನು ಮನುಷ್ಯನಾಗಿ ಉಳಿಯುವುದಿಲ್ಲ. ಹೆಂಡತಿಯ ಜಂಪರಿನ ಮಖಮಲ್ಲಿನಿಂದ ಪುಟ್ಟ ಜೂಲ ಮಾಡಿದೆ. ಅಂಚಿಗೆ ಗೆಜ್ಜೆ ಹೊಲಿದೆ. ಎರಡು ತಂತಿಯ ಕೊಂಬು, ಕೊಂಬಿಗೆ ಎರಡು ಬಲೂನು. ಮತ್ತೆ ಕೊರಳಿಗೆ ಕೊಬ್ಬರಿಯ ಮಾಲೆ. ಕೊಬ್ಬರಿ ಇಲ್ಲದೆ ಹೋರಿ ಉಂಟೆ? ಮುಬಶೀರ ತೂಕ ನೋಡಿ, ‘ಕಾಕಾ, ನಾಕು ಬಟ್ಟಲ ಹೊರೂದಿಲ್ಲ ಇದು, ಎರಡ ಹಾಕ್ರಿ,’ ಎಂದ. ಎರಡು ಹಾಕಿದೆ. ಶೇಖವ್ವನವರು ಗಾಡಿಯನ್ನು ದೂರದಿಂದಲೇ ನೋಡಿ, ‘ಚೆಂದ ಆಗೈತ್ರಿ ರುದ್ರೇಶಪ್ಪಾ,’ ಎಂದು ಕೈಮುಗಿದರು. ಆ ಕ್ಷಣ ಯಾರಿಗೂ ಏನೂ ಹೊಳೆಯಲಿಲ್ಲ. ಇಡೀ ಊರಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಪಂಚಾಯಿತಿಯ ಅಂಗಳ ತುಂಬಿತು. ಸಾಹೇಬರು ಬಂದರು, ಮೊಬೈಲ್ ಹಿಡಿದು ನಿಂತರು. ಅವರ ಪಕ್ಕದ ಕುರ್ಚಿಯಲ್ಲಿ ಭರಮಪ್ಪನವರು, ಹೆಗಲ ಮೇಲೆ ಸನ್ಮಾನದ ಶಾಲು. ಫ್ಲೆಕ್ಸ್ ಹಾಸಿದರು. ಮೈಕು ಹಿಡಿಯಲು ಯಾರೂ ಮುಂದೆ ಬರಲಿಲ್ಲ, ಹೋರಿ ಹಬ್ಬದಲ್ಲಿ ಮೈಕು ಹಿಡಿಯುವವನು ನಾನೇ ಆದದ್ದರಿಂದ ನನ್ನ ಕೈಗೆ ಕೊಟ್ಟರು. ಮೊದಲು ನಾನು ಮರ್ಯಾದೆಯಿಂದಲೇ ಸುರು ಮಾಡಿದೆ. ‘ಮಾನ್ಯರೇ, ಇದು ನಮ್ಮ ಮಕ್ಕಳು ಮಾಡಿದ ಯಂತ್ರ’ ಎಂದೆ. ಆಮೇಲೆ ಗಾಡಿ ಹೊರಟಿತು, ಗೆಜ್ಜೆ ಘಲ್ಲೆಂದವು, ಬಲೂನು ಕುಣಿದವು. ನನ್ನ ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು.

‘ಬಂತು ನೋಡ್ರಿ, ಬಂತು ನೋಡ್ರಿ, ಬಂತು ನೋಡ್ರಿ! ಹಾನಗಲ್ ತಾಲೂಕಿನ ಗಂಡುಗಲಿ, ಇರುವೆ ಎಕ್ಸ್‌ಪ್ರೆಸ್! ದಾರಿ ಬಿಡ್ರಪೋ ದಾರಿ ಬಿಡ್ರಿ! ಕೊಬ್ಬರಿ ಹರಿಯೂ ಗಂಡು ಯಾವನರ ಇದ್ರ ಮುಂದ ಬಾ!’

ಜನ ಸಿಳ್ಳೆ ಹೊಡೆದರು. ಪೋರರು ಟವೆಲ್ ತಿರುಗಿಸಿದರು. ಗಾಡಿ ಸೊಟ್ಟ ದಾಟಿ, ಸರಿಯಾಗಿ ಕುರ್ಚಿಗಳ ಮುಂದಿನ ಗೆರೆಗೆ ಬಂತು. ಭರಮಪ್ಪನವರ ಕಡೆ ನೋಡಿದೆ. ಶಾಲು ಕೆಳಗೆ ಬಿದ್ದಿತ್ತು. ಧೋತರದ ಚುಂಗು ಸೊಂಟಕ್ಕೆ ಏರಿತ್ತು. ಕಣ್ಣು ಬೇರೆ ಎಲ್ಲೋ ಇದ್ದವು. ನಾನು ‘ಭರಮಪ್ಪಾರ!’ ಎಂದು ಮೈಕಿನಲ್ಲೇ ಕೂಗಿದೆ. ಅದನ್ನು ಅವರು ಹುರಿದುಂಬಿಸಿದ್ದೆಂದು ತಿಳಿದರೋ ಏನೋ, ಅರವತ್ತೆರಡು ವರ್ಷದ ಆ ದೇಹ ಕುರ್ಚಿಯಿಂದ ಚಿಮ್ಮಿ, ಗಾಳಿಯಲ್ಲಿ ತಿರುಗಿ, ಅಂಗೈಯಗಲದ ಗಾಡಿಯ ಮೇಲೆ ಬಿತ್ತು. ಮರುಕ್ಷಣ ಎದ್ದು ಕೈ ಮೇಲೆತ್ತಿದರು. ಕೈಯಲ್ಲಿ ಕೊಬ್ಬರಿ.

‘ಹೋಯ್!’ ಎಂದು ಅಂಗಳವೆಲ್ಲ ಕುಣಿಯಿತು. ಯಾರೋ ಹಲಗೆ ಬಾರಿಸಿಬಿಟ್ಟರು. ಮುಚ್ಚಿಡುವುದೇನು, ನಾನೂ ಮೈಕಿನಲ್ಲಿ, ‘ಹರಿದರು! ಹರಿದರು! ಭರಮಪ್ಪಾರು ಹರಿದರು!’ ಎಂದು ಒದರಿದೆ. ಆಮೇಲೆ ಅವರ ಕಾಲ ಹತ್ತಿರ ಕಣ್ಣು ಹೋಯಿತು. ಒಂದು ಗಾಲಿ ಮುರಿದು ಉರುಳಿ ಹೋಗುತ್ತಿತ್ತು. ಗೆರೆ ನೋಡುವ ಕಣ್ಣು ತಂತಿಗೆ ಜೋತು ಬಿದ್ದಿತ್ತು. ಒಂದು ಬಲೂನು ಆಗಷ್ಟೇ ಒಡೆಯಿತು.

ಸಾಹೇಬರು ಮೆಲ್ಲಗೆ, ‘ಇದು ಕಾರ್ಯಕ್ರಮದಲ್ಲಿ ಇತ್ತೇನ್ರಿ?’ ಎಂದು ಕೇಳಿದರು.

ಭರಮಪ್ಪನವರು ಕೊಬ್ಬರಿ ನೋಡಿದರು, ಗಾಡಿ ನೋಡಿದರು, ಜನ ನೋಡಿದರು. ಮುಖ ಕೆಂಪಾಯಿತು. ಅಧ್ಯಕ್ಷರಲ್ಲವೆ, ತಪ್ಪು ಅಷ್ಟು ಬೇಗ ಬಾಯಿಗೆ ಬರುತ್ತದೆಯೆ? ಗಂಟಲು ಸರಿಮಾಡಿಕೊಂಡು, ‘ನಾ ಮೊದಲ ಹೇಳಿದ್ನಿಲ್ಲ, ಇದು ನಾಜೂಕ ಸಾಮಾನ, ಮುರೀತೈತಿ ಅಂತ? ಮುರೀತು. ಮಾತು ಅಂದ್ರ ಮಾತು. ಪೆಟ್ಟಿಗಿ ತಾಲೂಕಿಗೆ ಒಪ್ಪಿಸೂದು,’ ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಕೊಬ್ಬರಿ ಕಟ್ಟಿದವನು ನಾನು, ಕೆಣಕಿದವನು ನಾನು, ಹಾರಿದವರು ಅವರು, ಕಳೆದುಕೊಳ್ಳುವವರು ಮಕ್ಕಳು! ನಾನು ಬಾಯಿ ತೆರೆಯುವುದರೊಳಗೆ ಶೇಖವ್ವನವರು ಎದ್ದು ನಿಂತರು. ಇಪ್ಪತ್ತು ವರ್ಷದಲ್ಲಿ ಅವರು ಕಥೆ ಓದುವಾಗ ಬಿಟ್ಟರೆ ಧ್ವನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ.

‘ಅಧ್ಯಕ್ಷರ, ನಮ್ಮಪ್ಪ ಮನಿಗೆ ರೇಡಿಯೋ ತಂದಾಗ ನನಗ ಹನ್ನೊಂದು. ಮುಟ್ಟಬ್ಯಾಡ, ಕೆಡಸ್ತಿ ಅಂದ. ಗಂಡನ ಮನ್ಯಾಗ ಟೀವಿ ಬಂತು. ಮುಟ್ಟಬ್ಯಾಡ ಅಂದ್ರು. ಇಲ್ಲಿ ಪೆಟ್ಟಿಗಿ ಬಂತು, ಮುಟ್ಟಬ್ಯಾಡ ಅಂದ್ರಿ. ಊರೆಲ್ಲಾ ನನಗ ಗುಜರಿ ಹುಚ್ಚಿ ಅಂತೈತಿ, ಗೊತ್ತೈತ್ರಿ ನನಗ. ಕೆಟ್ಟಿದ್ದನ್ನ ಮುಟ್ಟಿದ್ರ ಯಾರೂ ಬೈಯೂದಿಲ್ಲಂತ, ಅದಕ್ಕ ಕೆಟ್ಟಿದ್ದನ್ನ ಮುಟ್ಟಕೋಂತ ಬಂದೇನಿ. ಏಳು ವಾರ ಈ ಹುಡುಗ್ರು ಆ ಗಾಡಿ ಕೈಯಾಗ ಹಿಡದ್ರು, ಒಂದು ಹಲ್ಲು ಮುರೀಲಿಲ್ಲ. ನಾ ಮುಟ್ಟಿಲ್ರಿ. ಒಂದು ದಿನಾನೂ ಮುಟ್ಟಿಲ್ಲ. ಮುರಿದ್ರ ನನ್ನ ಕೈಯಿಂದ ಮುರಿದೀತು, ಹುಡುಗ್ರಿಗೆ ಇಲ್ಲದಂಗ ಆದೀತು ಅಂತ ಅಂಜಿ ಸತ್ತೇನಿ. ನೀವು ಒಂದ ಹಾರೂದಕ್ಕ ಮುರದ್ರಿ. ಮುರದವರಿಗೆ ಕೀಲಿಕೈ, ಜ್ವಾಕಿ ಮಾಡಿದವರಿಗೆ ಏನಿಲ್ಲ. ಇದು ಯಾವ ನ್ಯಾಯರಿ?’

ಹೇಳಿ ಮುಗಿಸಿ ಶೇಖವ್ವನವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಭರಮಪ್ಪನವರು ನಿಂತಲ್ಲೇ ನಿಂತರು. ಕೈಯಲ್ಲಿನ ಕೊಬ್ಬರಿಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ‘ಕೈ ತಡೀಲಿಲ್ಲ ಶೇಖವ್ವಾ,’ ಎಂದರು. ‘ಹದಿನೈದು ವರ್ಷ ಆತು. ನನಗೂ ಮುಟ್ಟಬ್ಯಾಡ ಅಂದಾರ.’

ದೊಡ್ಡವರು ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರೆ, ಮಕ್ಕಳಿಗೆ ಅದರ ಪರಿವೆಯೇ ಇರಲಿಲ್ಲ. ಅವರು ಆಗಲೇ ಫ್ಲೆಕ್ಸಿನ ಮೇಲೆ ಬೋರಲು ಮಲಗಿ, ಗಾಡಿಯನ್ನು ಅಂಗಾತ ಹಾಕಿ, ಜೂಲ ಬಿಚ್ಚಿ, ಚೂರು ಆರಿಸುತ್ತಿದ್ದರು. ಮುಬಶೀರ ಎದ್ದು ಭರಮಪ್ಪನವರ ಮುಂದೆ ಹೋಗಿ ಕೈ ಚಾಚಿದ.

‘ಅಜ್ಜಾರ, ಕಣ್ಣಿಗೆ ಏನೂ ಆಗಿಲ್ಲ. ಗಾಲಿ ಅಷ್ಟ ಹೋಗೈತಿ. ಬ್ಯಾರೆ ಗಾಲಿ ಪೆಟ್ಟಿಗ್ಯಾಗ ಅದಾವು. ಕೀಲಿಕೈ ಕೊಡ್ರಿ.’

ಊರೆಲ್ಲ ನೋಡುತ್ತಿತ್ತು. ಭರಮಪ್ಪನವರು ಉಡದಾರಕ್ಕೆ ಕೈ ಹಾಕಿದರು. ಗಂಟು ಬಿಚ್ಚಲು ಎರಡೂ ಕೈ ಬೇಕಾಯಿತು, ಕೊಬ್ಬರಿಯನ್ನು ಸಾಹೇಬರ ಕೈಗೆ ಕೊಟ್ಟರು. ಸಾಹೇಬರು ಅದನ್ನು ಹಿಡಿದುಕೊಂಡು ನಿಂತರು. ಕೀಲಿಕೈ ಮುಬಶೀರನ ಅಂಗೈಗೆ ಬಿತ್ತು. ಅದು ಮತ್ತೆ ಆ ಉಡದಾರಕ್ಕೆ ಹೋಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಪೆಟ್ಟಿಗೆ ಅಂಗಳಕ್ಕೆ ಬಂತು. ಅಂಕಿತಾ ಒಂದು ಗಾಲಿ ಆರಿಸಿ, ಸ್ಕ್ರೂಡ್ರೈವರ್ ಹಿಡಿದು, ಗಾಡಿಯನ್ನು ಎತ್ತಿಕೊಂಡು ಸೀದಾ ಶೇಖವ್ವನವರ ಮುಂದೆ ಹೋಗಿ ಕೂತಳು.

‘ಅಕ್ಕಾರ, ಈ ಸಲ ನೀವು ಹಾಕ್ರಿ.’

‘ಬ್ಯಾಡವಾ ಬ್ಯಾಡ. ನನಗ ಬರೂದಿಲ್ಲ.’

‘ನಾ ಹೇಳಿಕೊಡ್ತೇನಲ್ಲ. ಹಿಡೀರಿ.’

ಶೇಖವ್ವನವರು ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು ಗಾಡಿ ಹಿಡಿದರು. ಗಾಲಿ ಕೂಡಿಸಿ ಸ್ಕ್ರೂ ತಿರುಗಿಸಿದರು. ಬಿಗಿಯಾಗಲಿ ಎಂದು ಇನ್ನೊಂದು ಸುತ್ತು ತಿರುಗಿಸಿದರು. ಮತ್ತೊಂದು ಸುತ್ತು.

ಟಕ್ ಎಂದಿತು. ಹೊಸ ಗಾಲಿ ಸೀಳಿ ಎರಡು ತುಂಡಾಗಿ ಅವರ ಮಡಿಲಿಗೆ ಬಿತ್ತು.

ಶೇಖವ್ವನವರು ಏಟು ಬೀಳುತ್ತದೆಂದು ಕಾಯುವ ಹುಡುಗಿಯ ಹಾಗೆ ಹೆಗಲು ಮುದುಡಿಕೊಂಡರು. ಭರಮಪ್ಪನವರು ಏನೋ ಹೇಳಲು ಬಾಯಿ ತೆರೆದರು. ನಾನು ಮೈಕು ಎತ್ತಿದೆ, ಹೊಡೆಯಲೆಂದೇ ಎತ್ತಿದೆ. ಅವರು ಬಾಯಿ ಮುಚ್ಚಿದರು.

ಅಂಕಿತಾ ತಲೆಯನ್ನೂ ಎತ್ತಲಿಲ್ಲ. ಪೆಟ್ಟಿಗೆಯಲ್ಲಿ ಕೈಯಾಡಿಸುತ್ತ, ‘ಇರ್ಲಿ ಬಿಡ್ರಿ ಅಕ್ಕಾರ. ಇನ್ನೂ ಎರಡು ಅದಾವು. ಈ ಸಲ ಸ್ವಲ್ಪ ಸಡ್ಲ ಇಡ್ರಿ,’ ಎಂದಳು.

ಶೇಖವ್ವನವರು ಮಡಿಲಲ್ಲಿದ್ದ ತುಂಡು ನೋಡಿದರು. ಅಂಕಿತಾಳನ್ನು ನೋಡಿದರು. ಆಮೇಲೆ ನಗಲು ಸುರು ಮಾಡಿದರು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡು, ಆಮೇಲೆ ಅದನ್ನೂ ಬಿಟ್ಟು, ಕಣ್ಣಲ್ಲಿ ನೀರು ಬರುವ ತನಕ, ಊರಿನ ಮುಂದೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮೈಕು ಬಂದ್ ಮಾಡಿ ಕೆಳಗಿಟ್ಟೆ. ನಗು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು, ಗಾಡಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಅಂಕಿತಾಳ ಮುಂದೆ ಅಂಗೈ ಚಾಚಿದರು.

‘ಕೊಡವಾ ಇತ್ಲಾಗ, ಇನ್ನೊಂದು.’